ತಾರೀಕಿನ ಪಕ್ಕದಲ್ಲೇ ರೂಪಾಯಿ: ವಿಶ್ವವಿದ್ಯಾಲಯದ ಕಾನೂನು ಕೋಶಕ್ಕೆ 14 ಸೂತ್ರಗಳು

ವಿಶ್ವವಿದ್ಯಾಲಯದ ಕಾನೂನು ಕೋಶಕ್ಕೆ ವರ್ಗವಾಗಿ ಬರುವ ಎಫ್‌ಡಿಎ, ಎಸ್‌ಡಿಎಗಳು ಮೊದಲ ದಿನವೇ ಹೇಳುವ ಮಾತೊಂದಿದೆ: "ನಾನು ಲಾ ಓದಿಲ್ಲ ಸರ್, ಇಲ್ಲಿ ನನ್ನಿಂದ ಏನಾಗುತ್ತೆ?" ಲಾ ಓದಿದವರು ವಕೀಲರ ಕಚೇರಿಯಲ್ಲಿದ್ದಾರೆ. ಈ ಮೇಜಿಗೆ ಬೇಕಿರುವುದು ತಾರೀಕು ತಪ್ಪಿಸದ, ಕಾಗದ ಕಳೆಯದ, ಹಣ ಬೇಕಾಗುವ ಮೊದಲೇ ಅದರ ಲೆಕ್ಕ ಹಾಕಿಡುವ ಒಬ್ಬ ಮನುಷ್ಯ. ವಕೀಲರು ಬಾಯಿ ತೆರೆಯುವುದಕ್ಕೆ ಮುಂಚೆಯೇ ನಮ್ಮ ಬೀರುವಿನೊಳಗೆ ಸೋತುಹೋದ ಪ್ರಕರಣಗಳನ್ನು ನಾನು ಕಂಡಿದ್ದೇನೆ.

ನಮ್ಮ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನವು 2000ದ ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ ಅಧಿನಿಯಮದಡಿ ನಡೆಯುತ್ತವೆ. ಕುಲಸಚಿವರು ಒಂದು ಕಡೆ, ಮೌಲ್ಯಮಾಪನ ಕುಲಸಚಿವರು ಇನ್ನೊಂದು ಕಡೆ, ಹಣಕಾಸು ಅಧಿಕಾರಿ ಮತ್ತೊಂದು ಕಡೆ. ಈ ಮೂರು ಕೊಠಡಿಗಳ ನಡುವೆ ಮೊಕದ್ದಮೆಯ ಕಡತ ಓಡಾಡುತ್ತದೆ. ಅದು ಎಲ್ಲಿ ನಿಂತಿದೆ, ಎಷ್ಟು ದಿನದಿಂದ ನಿಂತಿದೆ, ನಿಂತಷ್ಟು ದಿನಕ್ಕೆ ಎಷ್ಟು ದುಡ್ಡು ಏರಿದೆ ಎಂದು ಹೇಳಬಲ್ಲವರು ಇಡೀ ಆಡಳಿತ ಭವನದಲ್ಲಿ ನೀವೊಬ್ಬರೇ ಆಗಿರಬೇಕು.

1. ಒಂದೇ ವಹಿ ಇಡಿ, ತಾರೀಕೂ ದುಡ್ಡೂ ಅದರಲ್ಲೇ ಇರಲಿ

ಬಹಳಷ್ಟು ಕಡೆ ಪ್ರಕರಣಗಳ ವಹಿ ಒಬ್ಬರ ಹತ್ತಿರ, ವಕೀಲರ ಬಿಲ್ಲಿನ ವಹಿ ಇನ್ನೊಬ್ಬರ ಹತ್ತಿರ ಇರುತ್ತದೆ. ಒಬ್ಬರಿಗೆ ವಾಯಿದೆ ಗೊತ್ತು, ಖರ್ಚು ಗೊತ್ತಿಲ್ಲ. ಇನ್ನೊಬ್ಬರಿಗೆ ಖರ್ಚು ಗೊತ್ತು, ಪ್ರಕರಣ ಮುಗಿದಿದೆಯೋ ಇಲ್ಲವೋ ಗೊತ್ತಿಲ್ಲ. ಎರಡನ್ನೂ ಸೇರಿಸಿ. ಎಕ್ಸೆಲ್ ಹಾಳೆಯಾದರೂ ಸರಿ, ಉದ್ದನೆಯ ಲೆಡ್ಜರ್ ಪುಸ್ತಕವಾದರೂ ಸರಿ. ಪ್ರತಿ ಪ್ರಕರಣಕ್ಕೆ ಒಂದು ಸಾಲು: ಪ್ರಕರಣ ಸಂಖ್ಯೆ, ಹದಿನಾರು ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ, ಅರ್ಜಿದಾರರು, ವಿಷಯ ಯಾವ ಶಾಖೆಯದು, ನಮ್ಮ ವಕೀಲರು, ಹಿಂದಿನ ವಾಯಿದೆ, ಮುಂದಿನ ವಾಯಿದೆ, ಇವತ್ತು ನಮ್ಮಿಂದ ಏನು ಬಾಕಿ, ಇಲ್ಲಿಯವರೆಗೆ ಕೊಟ್ಟ ಶುಲ್ಕ, ಕೊಡಬೇಕಾದ ಶುಲ್ಕ. ಕೊನೆಯ ಕಾಲಂ ಬಹಳ ಮುಖ್ಯ: ಸೋತರೆ ಎಷ್ಟು ಕೊಡಬೇಕಾಗುತ್ತದೆ.

ಆ ಕಾಲಂ ತುಂಬಲು ಮೊದಲ ತಿಂಗಳು ಕಷ್ಟವಾಗುತ್ತದೆ. ಸಂಬಂಧಪಟ್ಟ ಶಾಖೆಯವರು "ಕೇಸ್ ಮುಗಿಯಲಿ, ಆಮೇಲೆ ಲೆಕ್ಕ ಹಾಕೋಣ" ಎನ್ನುತ್ತಾರೆ. ಒಪ್ಪಬೇಡಿ. ಅಂದಾಜಾದರೂ ಸರಿ, ಬರೆಸಿಕೊಳ್ಳಿ.

2. ಟಪಾಲು ನಿಮ್ಮ ಮೇಜಿನಿಂದಲೇ ಶುರುವಾಗಲಿ

ನಾನು ಕೆಲಸ ಮಾಡಿದ ಒಂದು ಕಚೇರಿಯಲ್ಲಿ ನಡೆದದ್ದು ಇದು. ನಿವೃತ್ತ ಅಟೆಂಡರೊಬ್ಬರ ಗಳಿಕೆ ರಜೆ ನಗದೀಕರಣದ ಹಣವನ್ನು ಎಂಟು ವಾರದೊಳಗೆ ಕೊಡಬೇಕೆಂದು ಹೈಕೋರ್ಟ್ ಆದೇಶವಾಯಿತು. ಆದೇಶದ ಪ್ರತಿ ಟಪಾಲಿಗೆ ಬಂತು. ವಿಷಯದಲ್ಲಿ 'ನಿವೃತ್ತಿ' ಎಂದಿದ್ದ ಕಾರಣ ಅದು ನೇರವಾಗಿ ಪಿಂಚಣಿ ಶಾಖೆಗೆ ಹೋಯಿತು. ರಜೆ ನಗದೀಕರಣ ತಮ್ಮ ವಿಷಯವಲ್ಲ ಎಂದು ಅವರು ಅದನ್ನು ಪಕ್ಕಕ್ಕಿಟ್ಟರು. ಎಂಟು ವಾರ ಕಳೆದರೂ ಅಲ್ಲೇ ಉಳಿಯಿತು. ಆ ಹಿರಿಯರು ಪ್ರತಿ ಮಂಗಳವಾರ ಬಂದು ಹೊರಗಿನ ಬೆಂಚಿನ ಮೇಲೆ ಕೂತು, "ಏನಾಯ್ತು ಸ್ವಾಮಿ ನಂದು?" ಎಂದು ಕೇಳಿ ಹೋಗುತ್ತಿದ್ದರು. ಆದೇಶ ಇನ್ನೂ ಬಂದಿಲ್ಲ ಎಂದು ನಾವು ನಂಬಿಕೆಯಿಂದಲೇ ಹೇಳುತ್ತಿದ್ದೆವು. ಆ ಲೆಕ್ಕ ಶೀರ್ಷಿಕೆಯಲ್ಲಿ ಹಣವಿತ್ತು. ಬಿಲ್ಲು ಮಾಡಲು ಎರಡು ದಿನ ಸಾಕಾಗಿತ್ತು. ಕೊನೆಗೆ ನ್ಯಾಯಾಂಗ ನಿಂದನೆಯ ನೋಟಿಸು ಬಂದ ಮೇಲೆ ಕಾಗದ ಸಿಕ್ಕಿತು. ವಕೀಲರಿಗೆ ಇನ್ನೊಂದು ಶುಲ್ಕ, ಅಧಿಕಾರಿಗಳ ಪ್ರಯಾಣ, ಕ್ಷಮೆಯ ಅಫಿಡವಿಟ್ ಎಲ್ಲವೂ ಸೇರಿಕೊಂಡವು. ಆ ಬೆಂಚು ನನಗೆ ಇವತ್ತಿಗೂ ಕಣ್ಣ ಮುಂದಿದೆ.

ಅಂದಿನಿಂದ ನಾನು ಪಾಲಿಸಿದ ನಿಯಮ ಇಷ್ಟೇ. ನ್ಯಾಯಾಲಯ, ವಕೀಲರು, ಮಾಹಿತಿ ಆಯೋಗ, ಕಾರ್ಮಿಕ ಇಲಾಖೆ, ಇವುಗಳಿಂದ ಬರುವ ಪ್ರತಿ ಲಕೋಟೆಯೂ ಮೊದಲು ಕಾನೂನು ಕೋಶಕ್ಕೆ ಬರಬೇಕು. ಬಂದ ದಿನ, ಬಂದ ಸಮಯ, ಬಂದ ಬಗೆ ಮೂರನ್ನೂ ಮೊಹರಿನ ಪಕ್ಕ ಬರೆಯಿರಿ. ಲಕೋಟೆಯನ್ನು ಎಸೆಯಬೇಡಿ, ಕಡತಕ್ಕೆ ಪಿನ್ ಮಾಡಿ. ನಮಗೆ ಸಮನ್ಸು ಎಂದು ತಲುಪಿತು ಎಂಬ ಪ್ರಶ್ನೆ ಎದ್ದಾಗ ಅಂಚೆಯ ಆ ಮುದ್ರೆಯೇ ಉತ್ತರ.

3. ಗಡುವುಗಳನ್ನು ಗೋಡೆಗೆ ಅಂಟಿಸಿ

ಇವನ್ನು ದೊಡ್ಡಕ್ಷರದಲ್ಲಿ ಬರೆದು ಎದುರಿಗೆ ಹಾಕಿಕೊಳ್ಳಿ. ಸಿವಿಲ್ ದಾವೆಯ ಸಮನ್ಸು ತಲುಪಿದ 30 ದಿನದೊಳಗೆ ಲಿಖಿತ ಹೇಳಿಕೆ. ನ್ಯಾಯಾಲಯ ಕಾರಣ ದಾಖಲಿಸಿ 90 ದಿನದವರೆಗೆ ವಿಸ್ತರಿಸಬಹುದು. ಹೈಕೋರ್ಟಿನ ಏಕಸದಸ್ಯ ಪೀಠದ ರಿಟ್ ಆದೇಶದ ಮೇಲೆ ರಿಟ್ ಮೇಲ್ಮನವಿಗೆ 30 ದಿನ. ಸಿವಿಲ್ ನ್ಯಾಯಾಲಯದ ಡಿಕ್ರಿಯ ಮೇಲೆ ಜಿಲ್ಲಾ ನ್ಯಾಯಾಲಯಕ್ಕೆ 30 ದಿನ, ಹೈಕೋರ್ಟಿಗೆ 90 ದಿನ. ಹೈಕೋರ್ಟ್ ತೀರ್ಪಿನ ಮೇಲೆ ಸುಪ್ರೀಂ ಕೋರ್ಟಿಗೆ ವಿಶೇಷ ಅನುಮತಿ ಅರ್ಜಿ ಹಾಕಲು 90 ದಿನ. ಮಾಹಿತಿ ಹಕ್ಕಿನ ಅರ್ಜಿಗೆ 30 ದಿನದಲ್ಲಿ ಉತ್ತರ. ತಡವಾದರೆ ಮಾಹಿತಿ ಅಧಿಕಾರಿಯ ಸ್ವಂತ ಜೇಬಿನಿಂದ ದಿನಕ್ಕೆ 250 ರೂಪಾಯಿ, ಗರಿಷ್ಠ 25,000. ಕೇವಿಯಟ್ ಹಾಕಿದ್ದರೆ ಅದರ ಆಯುಸ್ಸು 90 ದಿನ. ನೇಮಕಾತಿ ಪಟ್ಟಿಯೋ ಶಿಸ್ತುಕ್ರಮದ ಆದೇಶವೋ ಹೊರಬಿದ್ದ ದಿನ ಕೇವಿಯಟ್ ಹಾಕಿಸಿ, 80ನೆಯ ದಿನಕ್ಕೆ ಮತ್ತೆ ನೆನಪಿಸಿಕೊಳ್ಳುವ ಗುರುತು ಮಾಡಿಕೊಳ್ಳಿ.

30 ದಿನ ಎಂದರೆ ಕಚೇರಿಗೆ 30 ದಿನ ಸಿಗುವುದಿಲ್ಲ. ವಕೀಲರ ಅಭಿಪ್ರಾಯಕ್ಕೆ ವಾರ, ಶಾಖೆಯ ಷರಾಕ್ಕೆ ವಾರ, ಅಧೀಕ್ಷಕರಿಂದ ಕುಲಪತಿಗಳವರೆಗೆ ಟಿಪ್ಪಣಿ ಹತ್ತಿ ಇಳಿಯಲು ಇನ್ನೊಂದು ವಾರ. ಉಳಿದದ್ದರಲ್ಲಿ ಕರಡು, ಸಹಿ, ಸಲ್ಲಿಕೆ. ಆದ್ದರಿಂದ ವಹಿಯಲ್ಲಿ ಎರಡು ಗಡುವು ಬರೆಯಿರಿ: ಕಾನೂನಿನ ಗಡುವು, ಅದಕ್ಕೂ ಹತ್ತು ದಿನ ಮುಂಚಿನ ನಮ್ಮ ಗಡುವು. ಸಿಂಡಿಕೇಟ್ ಸಭೆ ದೂರವಿದ್ದರೆ, ಸಭೆಗೆ ಕಾಯದೆ ಸಕ್ಷಮ ಅಧಿಕಾರಿಯ ಅನುಮತಿ ಪಡೆದು, ಘಟನೋತ್ತರ ಅನುಮೋದನೆಗೆ ಇಡಬಹುದೇ ಎಂದು ಟಿಪ್ಪಣಿಯಲ್ಲೇ ಕೇಳಿ.

'ಕಡತ ಹಲವು ಹಂತ ದಾಟಬೇಕಾಯಿತು' ಎಂಬ ಸಬೂಬು ಈಗ ನಡೆಯುವುದಿಲ್ಲ. 2012ರ ಫೆಬ್ರವರಿಯಲ್ಲಿ ಅಂಚೆ ಇಲಾಖೆ ಮತ್ತು ಲಿವಿಂಗ್ ಮೀಡಿಯಾ ನಡುವಿನ ಪ್ರಕರಣದಲ್ಲಿ 427 ದಿನಗಳ ವಿಳಂಬವನ್ನು ಸುಪ್ರೀಂ ಕೋರ್ಟ್ ಮನ್ನಿಸಲಿಲ್ಲ. ಸರ್ಕಾರಿ ಕಚೇರಿ ಎಂಬ ಕಾರಣಕ್ಕೆ ಬೇರೆ ಅಳತೆಗೋಲು ಇಲ್ಲ ಎಂಬುದು ಅದರ ತಿರುಳು. 2020ರ ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶ ಸರ್ಕಾರ ಮತ್ತು ಭೇರುಲಾಲ್ ಪ್ರಕರಣದಲ್ಲಿ 663 ದಿನ ತಡವಾಗಿ ಬಂದ ಅರ್ಜಿಯನ್ನು ವಜಾ ಮಾಡಿದ ಅದೇ ನ್ಯಾಯಾಲಯ 25,000 ರೂಪಾಯಿ ವೆಚ್ಚ ಹೇರಿ, ಅದನ್ನು ಹೊಣೆಗಾರ ಅಧಿಕಾರಿಗಳಿಂದ ವಸೂಲು ಮಾಡಲು ಹೇಳಿತು. ಈ ಎರಡು ತೀರ್ಪುಗಳ ಹೆಸರನ್ನು ನಿಮ್ಮ ಟಿಪ್ಪಣಿಯಲ್ಲಿ ಒಮ್ಮೆ ಬರೆದು ನೋಡಿ. ಕಡತದ ನಡಿಗೆ ಬದಲಾಗುತ್ತದೆ.

4. ತೀರ್ಪು ಬಂದ ದಿನವೇ ನಕಲಿಗೆ ಅರ್ಜಿ

ದೃಢೀಕೃತ ನಕಲು ತಯಾರಾಗಲು ಹಿಡಿದ ಸಮಯವನ್ನು ಮೇಲ್ಮನವಿಯ ಗಡುವಿನ ಲೆಕ್ಕಕ್ಕೆ ಹಿಡಿಯುವುದಿಲ್ಲ. 1963ರ ಕಾಲಮಿತಿ ಕಾಯ್ದೆಯ 12ನೇ ಕಲಂ ಕೊಟ್ಟ ಅನುಕೂಲ ಅದು. ಆದರೆ ಅರ್ಜಿ ಹಾಕಲು ನೀವು ಮಾಡಿದ ತಡ, ನಕಲು ಸಿದ್ಧವಾದ ಮೇಲೆ ತರಲು ಮಾಡಿದ ತಡ, ಎರಡೂ ನಿಮ್ಮ ಲೆಕ್ಕಕ್ಕೇ. ಹೈಕೋರ್ಟಿನ ಜಾಲತಾಣದಿಂದ ಇಳಿಸಿಕೊಂಡ ಪ್ರತಿ ಓದಿ ತಯಾರಾಗಲು ಸಾಕು. ನಕಲಿನ ಅರ್ಜಿ ಮಾತ್ರ ಅಂದೇ ಹೋಗಲಿ.

5. ಕಾಸ್ ಲಿಸ್ಟ್ ನೋಡುವುದು ದಿನದ ಮೊದಲ ಕೆಲಸ

ಹಿಂದಿನ ಸಂಜೆ ಬರುವ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರು ಹುಡುಕಿ. ಕನ್ನಡದ ಊರ ಹೆಸರಿಗೆ ಇಂಗ್ಲಿಷಿನಲ್ಲಿ ಹಳೆಯದು, ಹೊಸದು ಎರಡು ಕಾಗುಣಿತ ಬಳಕೆಯಲ್ಲಿದೆ, ಎರಡರಲ್ಲೂ ಹುಡುಕಿ.

ಪ್ರಕರಣ ಯಾವ ಪೀಠದಲ್ಲಿದೆ ಎಂಬುದೂ ಖರ್ಚಿನ ವಿಷಯವೇ. ಧಾರವಾಡ, ಕಲಬುರಗಿಗಳಲ್ಲಿ 2008ರಲ್ಲಿ ಸಂಚಾರಿ ಪೀಠಗಳು ಬಂದವು, 2013ರ ಆಗಸ್ಟ್‌ನಲ್ಲಿ ಕಾಯಂ ಆದವು. ಬೀದರ್, ರಾಯಚೂರಿನ ಕಡತ ಹಿಡಿದು ರಾತ್ರಿ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗುತ್ತಿದ್ದ ಕಾಲ ಅಲ್ಲಿಗೆ ಮುಗಿಯಿತು. ಆದರೆ ರಾಜ್ಯದುದ್ದಕ್ಕೂ ಸಂಯೋಜಿತ ಕಾಲೇಜುಗಳಿರುವ ವಿಟಿಯು, ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಕಡೆ ಮೂರೂ ಪೀಠಗಳಲ್ಲಿ ಪ್ರಕರಣ ಹುಟ್ಟಬಹುದು. ಪ್ಯಾನೆಲ್ ವಕೀಲರ ಪಟ್ಟಿಯೂ ಪ್ರಯಾಣ ಭತ್ಯೆಯ ಅಂದಾಜೂ ಪೀಠವಾರು ಇರಲಿ.

6. ಕಂಡಿಕೆವಾರು ಷರಾದಲ್ಲಿ 'ಸುಳ್ಳು' ಎಂದು ಬರೆಯಬೇಡಿ, ದಾಖಲೆ ಇಡಿ

ರಿಟ್ ಅರ್ಜಿ ಬಂತೆಂದರೆ ಶಾಖೆಯಿಂದ ಕಂಡಿಕೆವಾರು ಷರಾ ತರಿಸುತ್ತೇವೆ. ಅರ್ಧಕ್ಕರ್ಧ ಷರಾಗಳಲ್ಲಿ 'ಅರ್ಜಿದಾರರ ಹೇಳಿಕೆ ಸತ್ಯಕ್ಕೆ ದೂರವಾದುದು' ಎಂಬ ಒಂದೇ ಸಾಲು ಇರುತ್ತದೆ. ಅದರಿಂದ ವಕೀಲರಿಗೆ ಏನೂ ಉಪಯೋಗವಿಲ್ಲ. ಪ್ರತಿ ಕಂಡಿಕೆಗೆ ಮೂರು ಕೇಳಿ: ಒಪ್ಪುತ್ತೀರಾ? ಒಪ್ಪದಿದ್ದರೆ ಯಾವ ದಾಖಲೆ? ಅದು ಕಡತದ ಎಷ್ಟನೇ ಪುಟ?

ಒಂದು ಪದ ಪ್ರಕರಣದ ಹಣೆಬರಹ ಬದಲಿಸುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ದಿನಗೂಲಿ, ತಾತ್ಕಾಲಿಕ ನೌಕರರ ಸಕ್ರಮದ ಪ್ರಕರಣ ಬರದ ವಿಶ್ವವಿದ್ಯಾಲಯ ಇರಲಿಕ್ಕಿಲ್ಲ. ಅವೆಲ್ಲದರ ಬುಡದಲ್ಲಿ 2006ರ ಏಪ್ರಿಲ್ 10ರ ತೀರ್ಪಿದೆ: ಕರ್ನಾಟಕ ರಾಜ್ಯ ಮತ್ತು ಉಮಾದೇವಿ ನಡುವಿನ ಪ್ರಕರಣ, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ್ದು. ನಿಯಮವನ್ನೇ ಮೀರಿದ ಅಕ್ರಮ ನೇಮಕ ಬೇರೆ, ಅರ್ಹತೆಯುಳ್ಳವರನ್ನು ಮಂಜೂರಾದ ಹುದ್ದೆಯಲ್ಲಿ ತೆಗೆದುಕೊಂಡು ಕ್ರಮದಲ್ಲಿ ಮಾತ್ರ ಲೋಪವಾದ ನೇಮಕ ಬೇರೆ ಎಂದು ಅದು ಗೆರೆ ಎಳೆಯಿತು. ಎರಡನೆಯ ಬಗೆಯವರು ನ್ಯಾಯಾಲಯದ ಆದೇಶದ ಬಲವಿಲ್ಲದೆ ಹತ್ತು ವರ್ಷ ದುಡಿದಿದ್ದರೆ ಒಂದು ಬಾರಿಯ ಕ್ರಮವಾಗಿ ಪರಿಗಣಿಸಿ ಎಂದಿತು. ಈಗ ಯೋಚಿಸಿ: ನಿಮ್ಮ ಶಾಖೆಯವರು ಷರಾದಲ್ಲಿ 'ಮಂಜೂರಾದ ಹುದ್ದೆಯ ಎದುರು' ಎಂದು ಕೈ ಬಂದಂತೆ ಬರೆದರೆ ಏನಾಗುತ್ತದೆ? ಇರುವ ಮಂಜೂರಾತಿಯನ್ನು ಕಾಣದೆ 'ಮಂಜೂರಾತಿ ಇಲ್ಲ' ಎಂದು ಬರೆದರೆ ಆ ಬಡ ನೌಕರನ ಗತಿ ಏನು? ಎರಡೂ ಅನ್ಯಾಯ. ಹುದ್ದೆ ಮಂಜೂರಾತಿಯ ಆದೇಶ, ಹಾಜರಿ ವಹಿ, ಕೂಲಿ ಪಾವತಿ ವೋಚರ್ ಮೂರನ್ನೂ ಕಣ್ಣಾರೆ ನೋಡದೆ ಆ ಸಾಲನ್ನು ಮುಂದಕ್ಕೆ ಕಳಿಸಬೇಡಿ.

7. ಇಂಗ್ಲಿಷ್ ಕರಡನ್ನು ಕನ್ನಡ ಮೂಲದ ಎದುರಿಗಿಟ್ಟು ಓದಿ

ನಮ್ಮ ಟಿಪ್ಪಣಿ, ನಡಾವಳಿ, ಅಧಿಕೃತ ಜ್ಞಾಪನ ಎಲ್ಲವೂ ಕನ್ನಡದಲ್ಲಿ. ಹೈಕೋರ್ಟಿಗೆ ಹೋಗುವ ಆಕ್ಷೇಪಣಾ ಹೇಳಿಕೆ ಇಂಗ್ಲಿಷಿನಲ್ಲಿ. ಈ ದಾಟುವಿಕೆಯಲ್ಲಿ 'ಅತಿಥಿ', 'ಅರೆಕಾಲಿಕ', 'ಗುತ್ತಿಗೆ', 'ತಾತ್ಕಾಲಿಕ' ನಾಲ್ಕೂ ಒಂದೇ ಇಂಗ್ಲಿಷ್ ಪದವಾಗಿಬಿಡುವುದನ್ನು ನಾನು ಹಲವು ಸಲ ತಿದ್ದಿಸಿದ್ದೇನೆ. ವಕೀಲರು ಬೇಸರ ಮಾಡಿಕೊಳ್ಳುವುದಿಲ್ಲ, ಕೃತಜ್ಞರಾಗಿರುತ್ತಾರೆ. ಮಸುಕಾದ ಜೆರಾಕ್ಸ್ ಪ್ರತಿ ಕೊಟ್ಟರೆ ರಿಜಿಸ್ಟ್ರಿಯಲ್ಲಿ ಆಕ್ಷೇಪಣೆ ಬೀಳುತ್ತದೆ. ಹಳೆಯ ಕೈಬರಹದ ನಡಾವಳಿಗಳನ್ನು ಮೊದಲೇ ಟೈಪ್ ಮಾಡಿಸಿ ಕೊಡಿ.

8. ವಿದ್ಯಾರ್ಥಿಯ ಪ್ರಕರಣ ಎಲ್ಲದಕ್ಕಿಂತ ಮೇಲೆ

ಬೆಳಿಗ್ಗೆ ಹನ್ನೊಂದಕ್ಕೆ ವಿದ್ಯಾರ್ಥಿನಿಯೊಬ್ಬಳನ್ನು ಪರೀಕ್ಷೆಗೆ ಕೂರಿಸಿ ಎಂಬ ಮಧ್ಯಂತರ ಆದೇಶ, ಮಧ್ಯಾಹ್ನ ಎರಡಕ್ಕೆ ಪರೀಕ್ಷೆ. ಇಂಥ ದಿನಗಳು ವರ್ಷಕ್ಕೆ ಒಂದೆರಡಾದರೂ ಬರುತ್ತವೆ. ಪ್ರಮಾಣಿತ ಪ್ರತಿ ಬರಲಿ ಎಂದು ಕೂತರೆ ಆ ಹುಡುಗಿಯ ಒಂದು ವರ್ಷ ಹೋಗುತ್ತದೆ. ವಕೀಲರಿಂದ ಇ-ಮೇಲ್‌ನಲ್ಲಿ ಖಚಿತಪಡಿಸಿಕೊಂಡು ಮೌಲ್ಯಮಾಪನ ಕುಲಸಚಿವರಿಗೆ ಆಗಲೇ ತಿಳಿಸಿ. ಪರೀಕ್ಷಾ ಕೇಂದ್ರದ ಮುಖ್ಯಸ್ಥರ ಫೋನ್ ಸಂಖ್ಯೆ ನಿಮ್ಮ ಮೇಜಿನ ಗಾಜಿನ ಕೆಳಗೆ ಇರಲಿ.

ಉತ್ತರ ಪತ್ರಿಕೆಗಳನ್ನು ವಿಲೇವಾರಿ ಮಾಡುವ ಮುನ್ನ ಕಾನೂನು ಕೋಶದ ನಿರಾಕ್ಷೇಪಣೆ ಕಡ್ಡಾಯ ಮಾಡಿಸಿ. ಮೌಲ್ಯಮಾಪನವಾದ ಉತ್ತರ ಪತ್ರಿಕೆಯನ್ನು ಮಾಹಿತಿ ಹಕ್ಕಿನಡಿ ನೋಡಲು ವಿದ್ಯಾರ್ಥಿಗೆ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2011ರ ಆಗಸ್ಟ್‌ನಲ್ಲಿ ಸಿಬಿಎಸ್‌ಇ ಪ್ರಕರಣದಲ್ಲಿ ಹೇಳಿದೆ. ಮೊಕದ್ದಮೆ ನಡೆಯುತ್ತಿರುವ ಪತ್ರಿಕೆ ರದ್ದಿಗೆ ಹೋಗಿದ್ದರೆ ಯಾವ ವಕೀಲರೂ ಉಳಿಸಲಾರರು.

9. ಆಯವ್ಯಯವನ್ನು ಪ್ರಕರಣಗಳಿಂದ ಮೇಲಕ್ಕೆ ಕಟ್ಟಿ

ಮುಂದಿನ ವರ್ಷದ ಅಂದಾಜು ಕಳಿಸಿ ಎಂಬ ಸುತ್ತೋಲೆ ಹಣಕಾಸು ವಿಭಾಗದಿಂದ ಬಂದಾಗ, ಕಳೆದ ವರ್ಷದ ಮೊತ್ತಕ್ಕೆ ಶೇಕಡ 10 ಸೇರಿಸಿ ಕಳಿಸುವ ರೂಢಿ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ಸೂತ್ರದ ವಹಿ ನಿಮ್ಮಲ್ಲಿದ್ದರೆ ಅಂದಾಜು ತಾನಾಗಿ ಬರುತ್ತದೆ.

120 ಪ್ರಕರಣಗಳಿವೆ ಎಂದಿಟ್ಟುಕೊಳ್ಳಿ. ನಿಮ್ಮಲ್ಲಿ ಆಕ್ಷೇಪಣೆ ಸಲ್ಲಿಸಿದಾಗ ಅರ್ಧ, ಪ್ರಕರಣ ಮುಗಿದಾಗ ಅರ್ಧ ಶುಲ್ಕ ಕೊಡುವ ಪದ್ಧತಿ ಇದೆ ಎಂದುಕೊಳ್ಳಿ. ಅಂತಿಮ ವಿಚಾರಣೆಯ ಹಂತದಲ್ಲಿ 30 ಇದ್ದರೆ ಅವುಗಳ ಎರಡನೆಯ ಕಂತು ಮುಂದಿನ ವರ್ಷ ಬೀಳುತ್ತದೆ. ಹೊಸದಾಗಿ ಬಂದ 40ಕ್ಕೆ ಮೊದಲ ಕಂತು. ಸುಮ್ಮನೆ ಬಾಕಿ ಇರುವ 50ಕ್ಕೆ ಸದ್ಯ ಏನಿಲ್ಲ. ಇದರ ಮೇಲೆ ಹೊಸ ಪ್ರಕರಣಗಳ ಮೂರು ವರ್ಷದ ಸರಾಸರಿ ಸೇರಿಸಿ. ನೇಮಕಾತಿ ಅಧಿಸೂಚನೆ ಹೊರಡುವ ವರ್ಷವಾದರೆ ಆ ಸರಾಸರಿ ಸಾಲದು, ಹೆಚ್ಚಿಸಿ. ಆಮೇಲೆ ನ್ಯಾಯಾಲಯ ಶುಲ್ಕ, ಟೈಪಿಂಗ್, ನಕಲು, ಪ್ರಯಾಣ, ಅಂಚೆ.

ಎರಡು ಶೀರ್ಷಿಕೆಗಳನ್ನು ಎಂದೂ ಬೆರೆಸಬೇಡಿ: ವಕೀಲರ ಶುಲ್ಕ ಮತ್ತು ಕಾನೂನು ವೆಚ್ಚ ಒಂದು, ನ್ಯಾಯಾಲಯದ ಆದೇಶದಂತೆ ಕೊಡಬೇಕಾದ ಹಣ ಇನ್ನೊಂದು. ಬೆರೆಸಿದರೆ ಒಂದು ದೊಡ್ಡ ಡಿಕ್ರಿ ಬಂದ ವರ್ಷ ವಕೀಲರಿಗೆ ಕೊಡಲು ಕಾಸು ಉಳಿಯುವುದಿಲ್ಲ. ಪರಿಷ್ಕೃತ ಅಂದಾಜಿನ ಸಮಯದಲ್ಲಿ ಕೊರತೆ ಕಂಡರೆ ಆಗಲೇ ಪುನರ್ವಿನಿಯೋಗ ಕೇಳಿ. ಮಾರ್ಚ್ ಕೊನೆಯ ವಾರದಲ್ಲಿ ಕೇಳಿದರೆ ಹಣಕಾಸು ವಿಭಾಗಕ್ಕೆ ಕೊಡುವ ಮನಸ್ಸಿದ್ದರೂ ದಾರಿ ಇರುವುದಿಲ್ಲ.

10. ಬಡ್ಡಿಗೆ ಒಂದು ಕಾಲಂ ಕೊಡಿ

ನನ್ನ ಪ್ರಕಾರ ಈ ಹದಿನಾಲ್ಕರಲ್ಲಿ ಹೆಚ್ಚು ಹಣ ಉಳಿಸುವ ಸೂತ್ರ ಇದು.

ಕ್ಯಾಂಪಸ್ಸಿಗಾಗಿ ದಶಕಗಳ ಹಿಂದೆ ರೈತರ ಜಮೀನು ಪಡೆದ ವಿಶ್ವವಿದ್ಯಾಲಯಗಳಿವೆ. 1894ರ ಭೂಸ್ವಾಧೀನ ಕಾಯ್ದೆಯಡಿ ನ್ಯಾಯಾಲಯ ಪರಿಹಾರ ಹೆಚ್ಚಿಸಿದರೆ, ಹೆಚ್ಚುವರಿ ಮೊತ್ತದ ಮೇಲೆ ಸ್ವಾಧೀನ ಪಡೆದ ದಿನದಿಂದ ಮೊದಲ ವರ್ಷ ಶೇಕಡ 9, ಆಮೇಲೆ ಶೇಕಡ 15 ಬಡ್ಡಿ. ಹತ್ತು ಲಕ್ಷದ ಮೇಲೆ ಶೇಕಡ 15 ಎಂದರೆ ವರ್ಷಕ್ಕೆ ಒಂದೂವರೆ ಲಕ್ಷ, ತಿಂಗಳಿಗೆ 12,500 ರೂಪಾಯಿ. ಕಡತ ಒಂದು ಮೇಜಿನ ಮೇಲೆ ನಾಲ್ಕು ತಿಂಗಳು ಮಲಗಿದರೆ 50,000 ಹೋಯಿತು. ಇದನ್ನು ಟಿಪ್ಪಣಿಯ ಮೊದಲ ಸಾಲಿನಲ್ಲೇ ಬರೆಯಿರಿ: 'ಈ ಮೊತ್ತದ ಮೇಲೆ ತಿಂಗಳಿಗೆ ಇಷ್ಟು ಬಡ್ಡಿ ಏರುತ್ತಿದೆ.' ಸಾಮಾನ್ಯ ಹಣದ ಡಿಕ್ರಿಗಳಲ್ಲಿ ಶೇಕಡ 6 ಎಂದರೂ ಹತ್ತು ಲಕ್ಷಕ್ಕೆ ತಿಂಗಳಿಗೆ 5,000. ಜಮೀನು ಕೊಟ್ಟವರಿಗೆ ಬಡ್ಡಿಗಿಂತ ಬೇಗ ಸಿಗುವ ಅಸಲು ಮುಖ್ಯ ಎಂಬುದನ್ನೂ ಮರೆಯಬೇಡಿ.

ಗ್ರಾಚ್ಯುಯಿಟಿ ಪ್ರಕರಣಗಳಲ್ಲಿ ಇನ್ನೊಂದು ಬಲೆ ಇದೆ. ಗ್ರಾಚ್ಯುಯಿಟಿ ಕೊಡಬೇಕೆಂಬ ಆದೇಶದ ವಿರುದ್ಧ ಮೇಲ್ಮನವಿಗೆ 60 ದಿನ, ಸಕಾರಣವಿದ್ದರೆ ಮತ್ತೆ 60 ದಿನ. ಅಲ್ಲಿಗೆ ಬಾಗಿಲು ಮುಚ್ಚಿತು. ಮೇಲ್ಮನವಿ ಹಾಕುವ ಸಂಸ್ಥೆ ಆದೇಶಿತ ಮೊತ್ತವನ್ನು ಮೊದಲು ಠೇವಣಿ ಇಡಲೇಬೇಕು. ಗಡುವಿನೊಳಗೆ ಮೇಲ್ಮನವಿ ತಯಾರಾಗಿ, ಠೇವಣಿಗೆ ಮಂಜೂರಾತಿ ಸಿಗದೆ ಉಳಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಎರಡೂ ಟಿಪ್ಪಣಿಗಳನ್ನು ಒಟ್ಟಿಗೆ ಏರಿಸಿ.

11. ವಕೀಲರ ಬಿಲ್ಲನ್ನು ಚೆನ್ನಾಗಿ ನೋಡಿ, ಬೇಗ ಕೊಡಿ

ಎರಡೂ ಬೇಕು. ಬಿಲ್ಲಿನಲ್ಲಿರುವ ಪ್ರತಿ ವಾಯಿದೆಯನ್ನು ನ್ಯಾಯಾಲಯದ ದಿನವಹಿಯ ಜತೆ ತಾಳೆ ನೋಡಿ. ಒಂದೇ ವಿಷಯದ ಇಪ್ಪತ್ತು ಅರ್ಜಿಗಳು ಒಟ್ಟಿಗೆ ವಿಚಾರಣೆಯಾಗಿದ್ದರೆ ನಿಮ್ಮ ಶುಲ್ಕಪಟ್ಟಿ ಗುಂಪು ಪ್ರಕರಣಗಳಿಗೆ ಏನು ಹೇಳುತ್ತದೆ ಎಂದು ನೋಡಿ. ಶುಲ್ಕಪಟ್ಟಿಯಲ್ಲಿ ಆ ಮಾತೇ ಇಲ್ಲದಿದ್ದರೆ ಸೇರಿಸಲು ಪ್ರಸ್ತಾವ ಕಳಿಸಿ. ಹಿರಿಯ ನ್ಯಾಯವಾದಿ ಎಂಬ ಪದನಾಮವಿರುವವರು ತಾವೇ ವಕಾಲತ್ತು ಹಾಕುವಂತಿಲ್ಲ, ಜತೆಗೆ ಇನ್ನೊಬ್ಬ ವಕೀಲರು ಇರಲೇಬೇಕು. ಸುಪ್ರೀಂ ಕೋರ್ಟಿನಲ್ಲಿ ಅಡ್ವೊಕೇಟ್ ಆನ್ ರೆಕಾರ್ಡ್ ಮೂಲಕವೇ ಸಲ್ಲಿಕೆ. ಹಾಗಾಗಿ ಬಿಲ್ಲು ಎರಡು ಬರುತ್ತದೆ. ಮಂಜೂರಾತಿ ಪಡೆಯುವಾಗಲೇ ಇಬ್ಬರ ಹೆಸರೂ ಇರಲಿ, ಆಮೇಲೆ ಆಡಿಟ್‌ನಲ್ಲಿ ಉತ್ತರ ಹುಡುಕುವುದು ತಪ್ಪುತ್ತದೆ.

ಸರಿಯಿದ್ದ ಬಿಲ್ಲನ್ನು ಮಾತ್ರ ತಡೆಯಬೇಡಿ. ತಪ್ಪಿದ್ದರೆ ಎಲ್ಲ ಆಕ್ಷೇಪಣೆಗಳನ್ನೂ ಒಂದೇ ಸಲ ಬರೆದು ವಾಪಸು ಕಳಿಸಿ. ಮೂರು ಸಲ ಮೂರು ಆಕ್ಷೇಪಣೆ ಹಾಕುವುದು ಕೆಟ್ಟ ಪದ್ಧತಿ. ಎರಡು ವರ್ಷದ ಹಣ ಬಾಕಿ ಇಟ್ಟುಕೊಂಡ ಕಕ್ಷಿದಾರರ ಕಡತವನ್ನು ಯಾವ ಕಿರಿಯ ವಕೀಲರೂ ರಾತ್ರಿ ಕೂತು ಓದುವುದಿಲ್ಲ.

12. ಟಿಡಿಎಸ್ ಅನ್ನು ವಕೀಲರ ಪ್ಯಾನ್‌ವಾರು ನೋಡಿ

ವೃತ್ತಿ ಶುಲ್ಕದ ಮೇಲೆ ಶೇಕಡ 10 ಮೂಲದಲ್ಲೇ ಕಡಿತ. ವರ್ಷಕ್ಕೆ 30,000 ಇದ್ದ ಮಿತಿ 2025ರ ಏಪ್ರಿಲ್ 1ರಿಂದ 50,000 ಆಗಿದೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ. ಹಳೆಯ 194ಜೆ ಎಂಬ ಕಲಂ ಸಂಖ್ಯೆಯನ್ನು ನಿಮ್ಮ ಬಿಲ್ಲಿನ ನಮೂನೆಗಳಲ್ಲಿ ಬದಲಿಸಿ. ಮಿತಿ ಇಡೀ ವರ್ಷದ ಮೊತ್ತಕ್ಕೆ. 8,000ದ ಏಳು ಬಿಲ್ಲು ಸೇರಿದರೆ 56,000. ಅದೇ ವಕೀಲರಿಗೆ ಪರೀಕ್ಷಾ ವಿಭಾಗವೂ ದೂರಶಿಕ್ಷಣ ಕೇಂದ್ರವೂ ಬೇರೆ ಬೇರೆಯಾಗಿ ಕೊಡುತ್ತಿದ್ದರೆ ಮಿತಿ ದಾಟಿದ್ದು ಯಾರಿಗೂ ಕಾಣುವುದಿಲ್ಲ. ಕಡಿತದ ಹಣ ಮುಂದಿನ ತಿಂಗಳ 7ರೊಳಗೆ ಸರ್ಕಾರಕ್ಕೆ ಕಟ್ಟಬೇಕು, ಮಾರ್ಚ್ ತಿಂಗಳದ್ದು ಏಪ್ರಿಲ್ 30ರೊಳಗೆ.

13. ಮೇಲ್ಮನವಿಗೆ ಮುನ್ನ ಒಂದು ಪುಟದ ಲೆಕ್ಕ

ಮೇಲ್ಮನವಿ ಹಾಕುವುದೋ ಬಿಡುವುದೋ ತೀರ್ಮಾನಿಸುವವರು ಮೇಲಿನವರು. ಆದರೆ ತೀರ್ಮಾನಕ್ಕೆ ಬೇಕಾದ ಪುಟವನ್ನು ಬರೆಯುವವರು ನೀವು. ಕೊಡಬೇಕಾದ ಮೊತ್ತ ಎಷ್ಟು, ಮೇಲ್ಮನವಿಯ ಖರ್ಚು ಎಷ್ಟು, ಎರಡು ವರ್ಷ ನಡೆದರೆ ಬಡ್ಡಿ ಎಷ್ಟು, ಇದೇ ವಿಷಯದಲ್ಲಿ ಹಿಂದೆ ಎಷ್ಟು ಸಲ ಸೋತಿದ್ದೇವೆ. "ಒಬ್ಬರಿಗೆ ಕೊಟ್ಟರೆ ಎಲ್ಲರೂ ಕೇಳುತ್ತಾರೆ" ಎಂಬ ಮಾತು ಸಭೆಯಲ್ಲಿ ಬಂದೇ ಬರುತ್ತದೆ. ಆ 'ಎಲ್ಲರೂ' ಎಷ್ಟು ಜನ ಎಂದು ಎಣಿಸಿ ಬರೆಯಿರಿ. ಕೆಲವೊಮ್ಮೆ ಇನ್ನೂರು ಜನ ಇರುತ್ತಾರೆ, ಆಗ ಮೇಲ್ಮನವಿಗೆ ಅರ್ಥವಿದೆ. ಕೆಲವೊಮ್ಮೆ ನಾಲ್ಕೇ ಜನ, ಅವರಲ್ಲಿ ಇಬ್ಬರು ತೀರಿಕೊಂಡಿರುತ್ತಾರೆ.

ನಿವೃತ್ತರ ಸಣ್ಣ ಮೊತ್ತದ ಪ್ರಕರಣಗಳಲ್ಲಿ ಸೋತ ಮೇಲೆ ಹಣ ಕೊಟ್ಟು ಮುಗಿಸುವುದೇ ಸರಿ. ಆದೇಶ ಪಾಲಿಸಲು ಕೊಟ್ಟ ಸಮಯ ಸಾಲದು ಎನಿಸಿದರೆ, ಅದು ಮುಗಿಯುವ ಮೊದಲೇ ಕಾಲಾವಕಾಶ ಕೋರಿ ಅರ್ಜಿ ಹಾಕಿಸಿ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯಲ್ಲಿ ಆರು ತಿಂಗಳವರೆಗಿನ ಸಾದಾ ಸೆರೆವಾಸದ ಅವಕಾಶವಿದೆ. ಸಿ.ಸಿ.ಸಿ. ಎಂದು ಶುರುವಾಗುವ ಸಂಖ್ಯೆಯ ಪ್ರಕರಣ ಬಂದರೆ ಆ ದಿನ ಬೇರೆ ಕೆಲಸ ಇಲ್ಲ.

14. ಪ್ರಭಾರ ಕೊಡುವಾಗ ಕಡತದ ಎಣಿಕೆ ಸಾಲದು

ವರ್ಗಾವಣೆ ಆದೇಶ ಬಂದ ಸಂಜೆ 'ಒಟ್ಟು 120 ಕಡತ ಹಸ್ತಾಂತರ' ಎಂದು ಸಹಿ ಮಾಡಿ ಹೊರಡುವವರು ಇದ್ದಾರೆ. ಹೊಸಬರಿಗೆ ಅದರಿಂದ ಏನು ತಿಳಿಯುತ್ತದೆ? ಮುಂದಿನ 60 ದಿನದಲ್ಲಿ ಗಡುವಿರುವ ಪ್ರಕರಣಗಳು, ಪಾಲನೆಯಾಗದ ಆದೇಶಗಳು, ಪಾವತಿಯಾಗದ ಬಿಲ್ಲುಗಳು, ಉತ್ತರ ಕೊಡದ ಆಡಿಟ್ ಆಕ್ಷೇಪಣೆಗಳು, ಹೀಗೆ ನಾಲ್ಕು ಪಟ್ಟಿ ಮಾಡಿ. ಅರ್ಧ ದಿನ ಪಕ್ಕದಲ್ಲಿ ಕೂತು ವಿವರಿಸಿ. ನಿಮ್ಮ ಫೋನ್ ಸಂಖ್ಯೆ ಕೊಟ್ಟು ಹೋಗಿ.

ಕೊನೆಯದಾಗಿ ಒಂದು ಕೋರಿಕೆ. ನಾಳೆ ಕಚೇರಿಗೆ ಹೋದವರೇ ಬೀರು ತೆರೆದು, ಮುಂದಿನ ವಾಯಿದೆ ಬರೆಯದೆ ಉಳಿದ ಕಡತಗಳನ್ನು ಹೊರತೆಗೆಯಿರಿ. ಅವುಗಳಲ್ಲಿ ಯಾವುದರ ಆದೇಶ ಈಗಾಗಲೇ ಬಂದುಹೋಗಿದೆ ಎಂದು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೋಡಿ. ಒಂದು ಸಿಕ್ಕರೂ ಸಾಕು, ಅದರ ಅರ್ಜಿದಾರರಿಗೆ ಅಂದೇ ಫೋನ್ ಮಾಡಿ ತಿಳಿಸಿ.